ಟೇಲರಕ್ಕನ ನಿಲುವಂಗಿ

“ಪಾಸ್ಟ್ರೇ, ಗಟ್ಟಿಯಾಗಿ ಹಿಡ್ಕೊಳ್ಳಿ. ಅಲುಗಾಡಿದ್ರೆ ಸ್ಕ್ರೂ ಸೊಟ್ಟಗೆ ಹೋಗುತ್ತೆ,” ಎನ್ನುತ್ತ ಬಡಗಿ ಕೊನೆಯ ಹಿಡಿಕೆಯನ್ನು ಬಿಗಿಯತೊಡಗಿದ. ಪ್ರಾರ್ಥನಾಲಯದ ಹಿಂದಿನ ಅಂಗಳದಲ್ಲಿ ಪಾಸ್ಟರು ತಮ್ಮ ಅಕ್ಕನ ಶವಪೆಟ್ಟಿಗೆಯನ್ನು ಎರಡೂ ಕೈಯಿಂದ ಒತ್ತಿ ಹಿಡಿದು ಕೂತಿದ್ದರು. ಬಡಗಿ ಸಭೆಯ ಹಿರಿಯ. ಕಿವಿ ಅರ್ಧ ಮಂದ, ಬಾಯಿ ಮಾತ್ರ ಪೂರ್ತಿ ಚುರುಕು.

“ಟೇಲರಕ್ಕನ ಸಾಕ್ಷಿ ಯಾರು ಹೇಳೋದು?” ಎಂದು ಕೇಳಿದ.

ಆ ಸಭೆಯಲ್ಲಿ ಯಾರು ತೀರಿಕೊಂಡರೂ ಮಣ್ಣಿಗೊಯ್ಯುವ ಮೊದಲು ಅವರ ಸಾಕ್ಷಿಯನ್ನು ಮತ್ತೊಮ್ಮೆ ಹೇಳುತ್ತಾರೆ. ಪಾಪಿಯಾಗಿದ್ದ ತಾನು ಯಾವ ದಿನ ಯೇಸುವನ್ನು ನಂಬಿ ಹೊಸದಾಗಿ ಹುಟ್ಟಿದೆ ಎಂದು, ದೀಕ್ಷಾಸ್ನಾನಕ್ಕೆ ಮುಂಚೆ ಅವರೇ ಹೇಳಿದ ಮಾತು ಅದು. ಅಕ್ಕನಿಗೆ ದೀಕ್ಷಾಸ್ನಾನವೇ ಆಗಿರಲಿಲ್ಲ. ದೀಕ್ಷಾಸ್ನಾನಕ್ಕೆ ತೊಟ್ಟಿಯ ನೀರಿಗಿಳಿಯುವವರಿಗೆಲ್ಲ ಬಿಳಿ ನಿಲುವಂಗಿ ಹೊಲಿದುಕೊಟ್ಟವಳು, ತಾನು ಮಾತ್ರ ತೊಟ್ಟಿಯ ಪಕ್ಕದಲ್ಲಿ ಟವಲ್ ಹಿಡಿದು ನಿಂತಿರುತ್ತಿದ್ದಳು. ಭಾನುವಾರ ಕರ್ತನ ಮೇಜಿನಿಂದ, ದೀಕ್ಷಾಸ್ನಾನವಾದವರಿಗಷ್ಟೇ ಸಲ್ಲುವ ರೊಟ್ಟಿಯ ತಟ್ಟೆ ಬಂದರೆ ಮುರಿಯದೆ ಪಕ್ಕದವರಿಗೆ ದಾಟಿಸುತ್ತಿದ್ದಳು. ಯಾಕೆಂದು ಪಾಸ್ಟರಿಗೆ ಗೊತ್ತಿತ್ತು, ಬಡಗಿಗೂ ಗೊತ್ತಿತ್ತು.

“ರೀ,” ಎಂದು ಪಾಸ್ಟರ ಹೆಂಡತಿ ಬಾಗಿಲಿಗೆ ಬಂದಳು. ಕೈಯಲ್ಲಿ ಬಿಳಿ ನಿಲುವಂಗಿಯಿತ್ತು. “ಅತ್ತಿಗೆಗೆ ಇದನ್ನೇ ಹಾಕ್ತೀವಿ.”

“ಅದು ಯಾರದ್ದೋ ಆರ್ಡರ್ ಅಲ್ವಾ? ಎಷ್ಟೋ ವರ್ಷದಿಂದ ಅಂಗಡೀಲಿ ನೇತಾಡ್ತಿತ್ತು.”

ಹೆಂಡತಿ ಗಂಡನ ಮುಖ ನೋಡಿದಳು. “ಇಷ್ಟು ಗಿಡ್ಡ ಇರೋರು ನಮ್ಮಲ್ಲಿ ಇನ್ಯಾರಿದ್ದಾರೆ, ಹೇಳಿ?”

ಪಾಸ್ಟರ ಕೈ ಪೆಟ್ಟಿಗೆಯ ಮೇಲೆ ಸಡಿಲವಾಯಿತು.

“ಅಂಚಿಗೆ ಕಬ್ಬಿಣದ ವಾಷರ್ ಹೊಲಿದಿದ್ದಾರೆ, ಬಟ್ಟೆ ನೀರಲ್ಲಿ ಮೇಲೆ ತೇಲಬಾರದು ಅಂತ. ಈಗ್ಯಾಕೆ ಅದು, ಬಿಚ್ಚಿಬಿಡ್ಲಾ?”

“ಬೇಡ,” ಎಂದರು ಪಾಸ್ಟರು. “ಇರ್ಲಿ.”

*

ಅಪ್ಪ ಅಮ್ಮ ಹೋದ ಮೇಲೆ ಹೊಲಿಗೆ ಯಂತ್ರ ತುಳಿದು ತಮ್ಮನನ್ನು ಸಾಕಿದವಳು ಅಕ್ಕ. ಕಣ್ಣು ಮುಚ್ಚಿ ಕೈ ಜೋಡಿಸುವುದನ್ನು ಕಲಿಸಿದವಳೂ ಅವಳೇ. ಅವನು ಪಾಸ್ಟರಾಗಿ ಬಂದ ಹೊಸತರಲ್ಲಿ ದೀಕ್ಷಾಸ್ನಾನ ಕೇಳಿಕೊಂಡು ಹಿರಿಯರ ಕೋಣೆಗೆ ಬಂದಳು. ಹೊಸದರಲ್ಲಿ ಅಗಸ ಗೋಣಿ ಎತ್ತಿ ಎತ್ತಿ ಒಗೆದನಂತೆ. ತಮ್ಮನೂ ಹಾಗೆಯೇ ಬೆನ್ನು ನೆಟ್ಟಗೆ ಮಾಡಿ ಕೂತಿದ್ದ. ಪಕ್ಕದಲ್ಲಿ ಬಡಗಿ.

“ನಿಂಗೆ ಯಾವ ದಿನ ರಕ್ಷಣೆ ಸಿಕ್ತು, ಹೇಳಕ್ಕ.”

“ಗೊತ್ತಿಲ್ಲ ಕಣೋ. ಯೇಸು ನನ್ನ ಜೊತೆ ಇಲ್ಲದ ದಿನವೇ ನೆನಪಿಲ್ಲ.”

“ಹಾಗಂದ್ರೆ ಹೇಗೆ? ಹೊಸದಾಗಿ ಹುಟ್ಟಿದ ಮೇಲೆ ಒಂದು ದಿನ ಅಂತ ಇರ್ಬೇಕಲ್ವಾ?”

“ನೀನು ಹುಟ್ಟಿದ ದಿನ ನಿಂಗೆ ನೆನಪಿದ್ಯೇನೋ? ನಾನು ಹೇಳಿದ್ದಕ್ಕೆ ತಾನೇ ಗೊತ್ತು?”

ಬಡಗಿ ಗೊಳ್ಳೆಂದು ನಕ್ಕು, ಪಾಸ್ಟರ ಮುಖ ನೋಡಿ ಕೆಮ್ಮಿದ. ಪಾಸ್ಟರು ನಗಲಿಲ್ಲ. ಅಕ್ಕನೆಂದು ಸಡಿಲ ಬಿಟ್ಟ ಎಂದು ಸಭೆ ಆಡಿಕೊಂಡರೆ?

“ಗೊತ್ತಾದ ಮೇಲೆ ಬಾ,” ಎಂದರು.

“ಆಯ್ತಪ್ಪ. ಸುಳ್ಳು ಹೇಳಿ ಅಂತೂ ನೀರಿಗಿಳಿಯಲ್ಲ.” ಕೊರಳಲ್ಲಿದ್ದ ಟೇಪನ್ನು ಸರಿಮಾಡಿಕೊಂಡು ಎದ್ದು ಹೋದಳು. ಆಮೇಲೆ ಅವಳು ಕೇಳಲಿಲ್ಲ. ಇವರೂ ಕರೆಯಲಿಲ್ಲ. ಮುಂದಿನ ಸಲ ಕರೆದರಾಯಿತು ಅಂದುಕೊಳ್ಳುವುದೇ ಆಯಿತು.

ಒಮ್ಮೆ ದೀಕ್ಷಾಸ್ನಾನದ ಹಿಂದಿನ ದಿನ ಪರವೂರಿನ ಗಿಡ್ಡ ಹೆಂಗಸೊಬ್ಬಳಿಗೆ ನಿಲುವಂಗಿ ಬೇಕಾಗಿತ್ತು. ಪಾಸ್ಟರು ಅಂಗಡಿಯ ಬಾಗಿಲಲ್ಲೇ ನಿಂತು ಕೊಕ್ಕೆಯಲ್ಲಿ ನೇತಾಡುತ್ತಿದ್ದ ನಿಲುವಂಗಿಯತ್ತ ಕೈ ತೋರಿಸಿದರು. “ಅದನ್ನೇ ಕೊಡಕ್ಕ.”

“ಅದು ಬೇರೆಯವರದ್ದು.”

“ಯಾರದ್ದು?”

“ಕರೆದಾಗ ಬರ್ತಾರೆ ಬಿಡು,” ಎಂದು ಅಕ್ಕ ತಲೆಯೆತ್ತದೆ ಯಂತ್ರ ತುಳಿದಳು. ಪಾಸ್ಟರಿಗೆ ಅವಸರವಿತ್ತು.

*

ಪೆಟ್ಟಿಗೆಯನ್ನು ಒಳಗೆ ತಂದು ವೇದಿಕೆಯ ಹಲಗೆಗಳ ಮೇಲಿಟ್ಟರು. ಹಲಗೆಗಳ ಕೆಳಗೇ ದೀಕ್ಷಾಸ್ನಾನದ ತೊಟ್ಟಿ. ಜನ ಕೂರುತ್ತಿದ್ದಾಗ ಬಡಗಿ ಪಾಸ್ಟರ ಹತ್ತಿರ ಸರಿದ.

“ನನ್ನ ಸಾಕ್ಷೀಲಿ ಒಂದು ದಿನ ಹೇಳಿದ್ದೆನಲ್ಲ ಪಾಸ್ಟ್ರೇ, ಅದು ಅಂದಾಜು. ಕೇಳಿದ್ರು, ಬಾಯಿಗೆ ಬಂದ ಭಾನುವಾರ ಹೇಳ್ದೆ.”

“ಅಕ್ಕ ಕೇಳಿಕೊಂಡು ಬಂದಾಗ್ಲೇ ಯಾಕೆ ಬಾಯಿ ಬಿಡ್ಲಿಲ್ಲ?”

“ಬಿಟ್ಟಿದ್ರೆ ಹಿರಿಯನ ಕುರ್ಚಿ ಉಳೀತಿತ್ತಾ?” ಬಡಗಿ ಮೂಗು ಒರೆಸಿಕೊಂಡ. “ಉಗುರಲ್ಲಿ ಹೋಗೋದಕ್ಕೆ ಕೊಡಲಿ ತಗೊಂಡ್ವಿ. ಇಬ್ರೂ ಸೇರಿ.”

ಪಾಸ್ಟರು ಎದ್ದು ನಿಂತರು. ಕೃಪೆಯಿಂದಲೇ ರಕ್ಷಣೆ, ನಮ್ಮ ಕ್ರಿಯೆಗಳಿಂದಲ್ಲ ಎಂದರು. ನಂಬಿ ಸತ್ತವರನ್ನು ಕರ್ತನು ಎಬ್ಬಿಸುವನು ಎಂದರು. ಎಲ್ಲರೂ ಆಮೆನ್ ಎಂದರು. ಆಮೇಲೆ ಸಾಕ್ಷಿಯ ಹೊತ್ತು ಬಂತು.

“ನಮ್ಮಕ್ಕ...” ಎಂದರು. ಅವಳು ಹೇಳಿದ್ದನ್ನು ಹೇಳಿದರೆ ಸಾಕಿತ್ತು. ಆದರೆ ಅದನ್ನು ಹೇಳಿದರೆ ತಾವು ಹೇಳಿದ್ದನ್ನೂ ಹೇಳಬೇಕಾಗುತ್ತಿತ್ತು. ಅಷ್ಟು ಜನರ ಮುಂದೆ ಅವರಿಗೆ ನಾಚಿಕೆಯಾಯಿತು. ಈಗಲೂ ನಾಚಿಕೆಯೇ ಗೆಲ್ಲುತ್ತಿದೆಯಲ್ಲ ಎಂದು ತಮ್ಮ ಮೇಲೆ ಅಸಹ್ಯವಾಯಿತು. ಮಾತನ್ನು ಅಲ್ಲಿಗೇ ಬಿಟ್ಟು ತಲೆ ತಗ್ಗಿಸಿದರು. ದುಃಖ ಉಕ್ಕಿತೆಂದುಕೊಂಡು ಯಾರೋ ಹಾಡು ಎತ್ತಿದರು. ಜನ ಎದ್ದು ನಿಂತರು. ಪಾಸ್ಟರು ಹಾಡಿನ ಮರೆಗೆ ಸರಿದುಕೊಂಡರು.

ಪೆಟ್ಟಿಗೆ ಎತ್ತಿದರು. ಪಾಸ್ಟರು ಮುಂದಿನ ಹಿಡಿಕೆ ಹಿಡಿದಿದ್ದರು, ಬಡಗಿ ಹಿಂದಿನದು. ಹೊರಗಿನ ಮೆಟ್ಟಿಲಲ್ಲಿ ಮುಂಭಾಗ ತಗ್ಗಿದಾಗ ಒಳಗೆ ಏನೋ ಸರಿದು ಮರಕ್ಕೆ ತಾಗಿತು. ಟಿಣ್.

ಹತ್ತಿರದವರ ಹಾಡು ನಿಂತಿತು. ಆ ಸದ್ದು ಎಲ್ಲರಿಗೂ ಗೊತ್ತಿತ್ತು. ತೊಟ್ಟಿಯ ಮೆಟ್ಟಿಲಿಳಿಯುವಾಗ ಪ್ರತಿಯೊಬ್ಬರ ಕಾಲ ಬಳಿಯೂ ವಾಷರುಗಳು ಕಲ್ಲಿಗೆ ತಾಗಿ ಹಾಗೆಯೇ ಸದ್ದು ಮಾಡಿದ್ದವು.

ಬಡಗಿಗೆ ಕೇಳಿಸಲಿಲ್ಲ, ಹಿಡಿಕೆಯಲ್ಲಿ ಅದುರಿದ್ದು ಗೊತ್ತಾಯಿತು. “ಪಾಸ್ಟ್ರೇ, ಎಲ್ಲೋ ಸ್ಕ್ರೂ ಸಡಿಲಾಯ್ತಾ?”

“ಸ್ಕ್ರೂ ಅಲ್ಲಣ್ಣ.” ಪಾಸ್ಟರು ಗಟ್ಟಿಯಾಗಿ, ಕಿವಿ ಮಂದವಾದವನಿಗೂ ಕೇಳುವಂತೆ ಹೇಳಿದರು. “ಅಕ್ಕ ಇಳೀತಿದ್ದಾಳೆ.”

ಹಿಡಿಕೆಯನ್ನು ಪಕ್ಕದವನಿಗೆ ಬಿಟ್ಟು ಅವರು ಕೆಳಗಿನ ಮೆಟ್ಟಿಲಿಗೆ ಹೋದರು. ಅಲ್ಲಿ ತಿರುಗಿ ನಿಂತು, ತೊಟ್ಟಿಯ ನೀರಿನಲ್ಲಿ ನಿಂತು ಎಲ್ಲರಿಗೂ ಚಾಚುತ್ತಿದ್ದ ಹಾಗೆ, ಎರಡೂ ಕೈಗಳನ್ನು ಮೇಲಕ್ಕೆ ಚಾಚಿದರು. ಪೆಟ್ಟಿಗೆ ಒಂದೊಂದೇ ಮೆಟ್ಟಿಲು ಇಳಿದು ಬಂತು. ಟಿಣ್. ಟಿಣ್.