ವೈದ್ಯೆ ನಿಲ್ಲಬೇಕಾದ ಜಾಗ

ನಮ್ಮ ಆಟದ ವೈದ್ಯೆಯನ್ನು ರೂಪಿಸಿದವಳು ನಾನು, ಪ್ರಣಾಲಿ. ಅವಳನ್ನೇ ತೆಗೆದುಹಾಕುವ ಮಾತು ಬಂದಾಗ ನನಗೆ ಸಿಟ್ಟು ನೆತ್ತಿಗೇರಿತು.

ಸಾಂಗ್ಲಿಯ ವಿಶ್ರಾಮಬಾಗದಲ್ಲಿ ನಮ್ಮದು ಪುಟ್ಟ ಗೇಮ್ ಕಂಪನಿ. ಆನ್‌ಲೈನಿನಲ್ಲಿ ಮೂವರು ಕೂಡಿ ಆಡುವ ಆಟ: ಕತ್ತಿವೀರ, ಬಿಲ್ಲುಗಾರ್ತಿ, ಇವರ ಗಾಯ ಮಾಯಿಸಲು ಒಬ್ಬ ವೈದ್ಯೆ. ಮೂವರೂ ರಾಕ್ಷಸರಿರುವ ಬೆಟ್ಟದ ಘಾಟು ದಾಟಬೇಕು. ವೈದ್ಯೆ ಮೂಲೆಯಲ್ಲಿ ನಿಂತು ಒಂದು ಬಟನ್ ಒತ್ತಿದರೆ ಸಾಕು, ಎಲ್ಲರ ಗಾಯವೂ ಮಾಯುತ್ತಿತ್ತು. ಯಾರೂ ಸಾಯುತ್ತಿರಲಿಲ್ಲ, ಯಾರಿಗೂ ಮಜಾ ಬರುತ್ತಿರಲಿಲ್ಲ. ವೈದ್ಯೆಯಾಗಿ ಆಡುವವರಂತೂ ಆಕಳಿಸುತ್ತಿದ್ದರು.

“ಆಕೀ ಶಕ್ತಿ ಅರ್ಧಾ ಮಾಡು,” ಎಂದರು ಕಂಪನಿಯ ಯಜಮಾನ ಶ್ರೇಯಸದಾದಾ. “ಇಲ್ಲಾಂದ್ರ ಮುಂದಿನ ಅಪ್‌ಡೇಟಿನ್ಯಾಗ ತಗದ ಬಿಡೂನು.”

“ಅರ್ಧಾ ಮಾಡಿದ್ರ ಆಕೀನ್ನ ಯಾರೂ ಆರಿಸೂದಿಲ್ಲರಿ. ಶಕ್ತಿ ಹಂಗ ಇರ್ಲಿ. ಆಕಿ ನಿಂದ್ರೂ ಜಾಗಾ ಬದಲಿ ಮಾಡ್ತೀನಿ.”

ನಾನು ಸಲಗರೆ ಎಂಬ ಹಳ್ಳಿಯ ಕುರಿ ಕಾಯುವ ಮನೆಯವಳು. ಸಣ್ಣವಳಿದ್ದಾಗ ಕೋಲು ಹಿಡಿದು ಹಿಂಡಿನ ಮುಂದೆ ಮೆರೆಯುತ್ತಿದ್ದೆ. ಅವ್ವ ಕುಂಟುವ ಕುರಿಯ ಜೊತೆ, ಎಳೆ ಮರಿಯನ್ನು ಕಂಬಳಿಯಲ್ಲಿ ಹೊತ್ತು, ಎಲ್ಲರಿಗಿಂತ ಹಿಂದೆ ಬರುತ್ತಿದ್ದಳು. ಹಿಂಡು ನನ್ನಿಂದಲೇ ಸಾಗುತ್ತಿದೆ ಎಂದು ಬೀಗುತ್ತಿದ್ದೆ. ಅವ್ವ ಒಮ್ಮೆ ಜ್ವರ ಬಂದು ಮಲಗಿದಳು. ಅಂದು ಅರ್ಧ ಹಿಂಡು ಕಂಡವರ ಜೋಳದಲ್ಲಿತ್ತು.

ಹೊಸ ನಿಯಮ ಬರೆದೆ. ವೈದ್ಯೆಯ ಮದ್ದು ಅವಳ ಹತ್ತಿರವಿದ್ದವರಿಗೆ ಮಾತ್ರ ಸಿಗಬೇಕು. ತೀರಾ ಹಿಂದೆ ಬಿದ್ದವರ ಪಕ್ಕ ನಿಂತರೆ ಅದು ದುಪ್ಪಟ್ಟು. ಮುಂದೆ ಓಡಿಹೋದವನಿಗೆ ಏನೂ ಇಲ್ಲ.

ಸಂಜೆ ಹೊಸ ನಿಯಮದ ಪರೀಕ್ಷೆಗೆ ಕುಳಿತೆವು. ಕತ್ತಿವೀರ ನಮ್ಮ ಟೆಸ್ಟರ್ ಸಂಘರ್ಷ, ಬಿಲ್ಲುಗಾರ್ತಿ ನನ್ನ ಸಹೋದ್ಯೋಗಿ ಶುಭಾಂಗಿ, ವೈದ್ಯೆ ನಾನು. ಸಂಘರ್ಷ ಒಬ್ಬನೇ ಘಾಟು ಹತ್ತಿದ, ಒಬ್ಬನೇ ಸತ್ತ. ಅವನಿಲ್ಲದೆ ನಾವಿಬ್ಬರೂ ಮಣ್ಣು ಮುಕ್ಕಿದೆವು.

“ಔಷಧಾನ ಬರ್ಲಿಲ್ಲಲ್ಲ!” ಎಂದು ಕಿರುಚಿದ.

“ಒಮ್ಮೆ ಹಿಂದ ಹೊಳ್ಳಿ ನೋಡಿದ್ರ ಬರ್ತಿತ್ತು,” ಎಂದೆ.

“ಸೋತ್ರಿ. ಮುಗೀತು, ತಗದ ಬಿಡೂನು,” ಎಂದು ಶ್ರೇಯಸದಾದಾ ಎದ್ದರು.

ನನಗೆ ಹೆದರಿಕೆಯಾಗಲಿಲ್ಲ. ನಾನು ಸಂಘರ್ಷನನ್ನೇ ನೋಡುತ್ತಿದ್ದೆ. ಆಟ ಸಪ್ಪೆಯಾಗಿದ್ದರೆ ಗೆದ್ದರೂ ಹೆಡ್‌ಫೋನ್ ಬಿಸಾಡಿ ಚಹಾಕ್ಕೆ ಹೋಗುವ ಆಸಾಮಿ ಅವನು. ಈಗ ಹೆಡ್‌ಫೋನ್ ಕಿವಿಯ ಮೇಲೇ ಇತ್ತು.

“ದಾದಾ, ಥಾಂಬಾ, ನಿಂದರ್ರಿ! ಇನ್ನೊಂದ ಆಟ,” ಎಂದವನೇ ನನ್ನತ್ತ ತಿರುಗಿದ. “ಅಕ್ಕಾ, ನೀವು ಕತ್ತಿ ಹಿಡೀರಿ. ಈ ಸಲ ವೈದ್ಯೆ ನಾ ಆಗ್ತೀನಿ.”

ಇಷ್ಟು ದಿನ ವೈದ್ಯೆಯ ಪಾತ್ರವನ್ನು ಅವನು ತಾನಾಗಿ ಕೇಳಿದ್ದೇ ಇಲ್ಲ. ಶ್ರೇಯಸದಾದಾ ಅವನ ಮುಖ ನೋಡಿ ಮತ್ತೆ ಕುರ್ಚಿ ಎಳೆದುಕೊಂಡರು.

“ಆತು, ಇರ್ಲಿ ಆಕಿ.”

ಘಾಟಿನ ನಡುವೆ ಶುಭಾಂಗಿಯ ಬಿಲ್ಲುಗಾರ್ತಿ ಕುಂಟತೊಡಗಿದಳು. ಯಾರೂ ಹೇಳದೆ ಸಂಘರ್ಷ ಅವಳ ಪಕ್ಕಕ್ಕೆ ಹೋಗಿ ನಿಂತ. ನಾನು ಘಾಟಿನ ಮೇಲ್ಗಡೆ ನಿಂತು, ಕತ್ತಿ ಕೆಳಗಿಳಿಸಿ, ಅವರಿಬ್ಬರೂ ಬರುವತನಕ ಖುಷಿಯಿಂದ ಕಾದೆ.