ತಂಗಿಗೊಂದು ಮೆಟ್ರೋ ಕಾರ್ಡು

ತೆರಕಣಾಂಬಿಯ ರಾಗಿ ಬೀಸುವ ಮಿಷನ್ನಿನ ದೊಡ್ಡಮಲ್ಲಪ್ಪ ಒಂದು ಮಾತನ್ನು ಎರಡು ಸಲ ಹೇಳಿದವನಲ್ಲ. ಅಂಥ ಆಸಾಮಿ ಗುಂಡ್ಲುಪೇಟೆಯಲ್ಲಿ ಬೆಂಗಳೂರು ಬಸ್ಸು ಹತ್ತಿದಾಗಿನಿಂದ ಒಂದೇ ಮಾತನ್ನು ತುಟಿಯೊಳಗೇ ಮಣಮಣ ಅಂದುಕೊಳ್ಳುತ್ತ ಕೂತಿದ್ದ. “ಗೌರಿ ಹಬ್ಬಕ್ಕೆ ಊರ್ಗೆ ಬಾ ಕಣಮ್ಮಿ, ಕರ್ಕಂಡೋಗಾಕೆ ನಾನೇ ಬಂದಿವ್ನಿ.” ಇಷ್ಟೇ. ಇಷ್ಟು ಹೇಳೋದಕ್ಕೆ ಅಭ್ಯಾಸ ಬೇರೆ ಬೇಕೇ ಅಂತ ನೀವು ಕೇಳಬಹುದು. ಬೇಕು ಸ್ವಾಮಿ. ಒಡಹುಟ್ಟಿದ ತಂಗಿಯನ್ನು ಹಬ್ಬಕ್ಕೆ ಕರೆಯುವ ಮಾತು ಆತನ ಬಾಯಿಂದ ಇದುವರೆಗೆ ಒಮ್ಮೆಯೂ ಬಂದಿರಲಿಲ್ಲ.

ಆ ಕೆಲಸವೆಲ್ಲ ಹೆಂಡತಿ ಗಂಗಾಂಬಿಕೆಯದಾಗಿತ್ತು. ಗೌರಿ ಹಬ್ಬ ಹತ್ತಿರ ಬಂತೆಂದರೆ ಬೆಂಗಳೂರಿಗೆ ಫೋನು ಹಚ್ಚಿ, “ಯಾವತ್ತು ಬತ್ತೀಯಮ್ಮಿ? ಕಜ್ಜಾಯಕ್ಕೆ ಅಕ್ಕಿ ನೆನೆಹಾಕ್ಲಾ?” ಅಂತ ನಾದಿನಿ ಪುಟ್ಟಬಸಮ್ಮನ ಜೀವ ತಿನ್ನುತ್ತಿದ್ದಳು. ನಾದಿನಿ ಬಂದಿಳಿದರೆ ಮುಗೀತು, ಹಬ್ಬ ಕಳೆಯುವ ತನಕ ಆ ಮನೆಯಲ್ಲಿ ಇಬ್ಬರ ನಗುವೇ ನಗು. ಗಂಡಸು ಅನ್ನೋನು ಒಬ್ಬ ಇದ್ದಾನೆ ಅನ್ನೋದೂ ಅವರಿಗೆ ಮರೆತುಹೋಗುತ್ತಿತ್ತು. “ನಿಮ್ಮ ಗಲಾಟೆಗಿಂತ ನನ್ ಮಿಷನ್ನೇ ವಾಸಿ” ಅಂತ ದೊಡ್ಡಮಲ್ಲಪ್ಪ ಗೊಣಗಿಕೊಂಡು ಎದ್ದು ಹೋಗುತ್ತಿದ್ದ. ಆದರೆ ಆ ದಿನಗಳಲ್ಲಿ ಮಿಷನ್ನು ಬೇಗ ನಿಲ್ಲಿಸಿ ಮನೆಗೆ ಓಡಿ ಬರುತ್ತಿದ್ದವನೂ ಅವನೇ.

ಗಂಗಾಂಬಿಕೆ ತೀರಿಕೊಂಡಳು. ಮಕ್ಕಳಿಲ್ಲ. ಹಗಲು ಮಿಷನ್ನಿನ ಸದ್ದಿನಲ್ಲಿ ಹೇಗೋ ಕಳೆಯುತ್ತಿತ್ತು. ಸಂಜೆ ಬೆಲ್ಟು ನಿಂತ ಮೇಲೆ ಮನೆಯ ಬೀಗ ತೆಗೆಯೋದಕ್ಕೇ ಬೇಸರ. ತಾನೇ ಬೇಯಿಸಿ, ತಾನೇ ಉಂಡು, ತಾನೇ ತಟ್ಟೆ ತೊಳೆದು, ಟೀವಿಯ ಎದುರು ಹಾಗೇ ನಿದ್ದೆ ಹೋಗುವುದು. ಹಬ್ಬ ಬಂದರೆ ಗೊಬ್ಬರದಂಗಡಿ ಮಹದೇವಪ್ರಸಾದನ ಕೈಗೆ ನೋಟು ಕೊಟ್ಟು, “ತಂಗಿಗೆ ಫೋನಲ್ಲಿ ಹಾಕ್ಬುಡು ಕಣ್ಲಾ, ಸೀರೆ ತಗೊಳ್ಲಿ” ಅನ್ನುತ್ತಿದ್ದ. ಅಲ್ಲಿಗೆ ಅಣ್ಣನಾದವನ ಜವಾಬ್ದಾರಿ ತೀರಿತು ಅಂದುಕೊಂಡಿದ್ದ, ಪುಣ್ಯಾತ್ಮ.

ಈ ಬೇಸಿಗೆಯಲ್ಲಿ ಪುಟ್ಟಬಸಮ್ಮನ ಮಗಳು ನಯನಾಳ ಮದುವೆಯಾಯಿತು. ಊಟಕ್ಕೆ ಕೂತಾಗ ತಂಗಿ ಬಂದು ಅಣ್ಣನ ಎಲೆಗೆ ತಾನೇ ಪಾಯಸ ಬಡಿಸಿ, “ಅತ್ತಿಗೆ ಇದ್ದಿದ್ರೆ” ಅಂದವಳು ಸೆರಗಿನಿಂದ ಮೂಗು ಒರೆಸಿಕೊಂಡಳು. ದೊಡ್ಡಮಲ್ಲಪ್ಪ ಪಾಯಸವನ್ನು ಎಲೆಯಲ್ಲೇ ಬಿಟ್ಟು ಎದ್ದ. ಆವತ್ತೇ ಆತ ತೀರ್ಮಾನ ಮಾಡಿದ್ದು. ಈ ಗೌರಿಗೆ ಇವಳನ್ನು ಮನೆಗೆ ಕರಕೊಂಡು ಬರಬೇಕು. ಒಂದು ಹಬ್ಬವಾದರೂ ಆ ಮನೆಯಲ್ಲಿ ಮನುಷ್ಯರ ಮಾತು ಕೇಳಬೇಕು.

ಆದರೂ ತನ್ನ ನಾಲಿಗೆಯ ಮೇಲೆ ಆತನಿಗೆ ಅಷ್ಟು ನಂಬಿಕೆ ಇರಲಿಲ್ಲ. ಮಾತು ಹೊರಡದೇ ಹೋದರೆ ಬರಿಗೈಯಲ್ಲಿ ಬೆಪ್ಪನ ಹಾಗೆ ನಿಲ್ಲಬಾರದಲ್ಲ ಅಂತ ಜೋಡಿ ಮೊರದಲ್ಲಿ ತವರಿನ ಬಾಗಿನವನ್ನೂ ಕಟ್ಟಿಕೊಂಡು ಹೊರಟಿದ್ದ. ಸೀರೆ, ರವಿಕೆ ಕಣ, ಬಳೆ, ಅರಿಶಿನ ಕುಂಕುಮ, ಬೆಲ್ಲ, ಕೊಬ್ಬರಿ. ಹೆಂಗಸರಿಲ್ಲದ ಮನೆಯ ಬಾಗಿನ ಅನ್ನೋದು ದೂರದಿಂದಲೇ ತಿಳಿಯುತ್ತಿತ್ತು. ದಾರವನ್ನು ಹಿಟ್ಟಿನ ಮೂಟೆಗೆ ಬಿಗಿದ ಹಾಗೆ ಬಿಗಿದಿದ್ದ.

ಪುಟ್ಟಬಸಮ್ಮ ಇಂದಿರಾನಗರದ ಒಂದು ಪೀಜಿಯಲ್ಲಿ ಅಡುಗೆ ಕೆಲಸ ಮಾಡುತ್ತಾಳೆ. “ನಮ್ಮನೆ ಉಡಿಕ್ಕಂಡು ನೀನು ಕಳ್ದೋಗ್ಬುಟ್ಟೀಯ. ಮೈಸೂರು ರೋಡಲ್ಲಿ ಮೆಟ್ರೋ ಅತ್ತು, ಇಂದಿರಾನಗರ ಸ್ಟೇಷನ್ನಲ್ಲಿ ಇಳ್ಕಂಡು ಇರು. ಮದ್ಯಾನದ ಅಡುಗೆ ಮುಗಿಸ್ಕಂಡು ಬತ್ತೀನಿ. ಕಾರ್ಡ್ ತಗೊ ಕಣಣ್ಣ, ಓಗಾಕೂ ಬರಾಕೂ ಆಯ್ತದೆ” ಅಂತ ಫೋನಿನಲ್ಲಿ ಹೇಳಿದ್ದಳು. ಕಾರ್ಡು ಅಂದಮೇಲೆ ಕೇಳಬೇಕೇ? ದೊಡ್ಡಮಲ್ಲಪ್ಪ ಆಧಾರ್, ರೇಷನ್ ಕಾರ್ಡು, ಎರಡರ ಜೆರಾಕ್ಸು, ಜೊತೆಗೆ ಎರಡು ಫೋಟೋ ಎಲ್ಲವನ್ನೂ ಪ್ಲಾಸ್ಟಿಕ್ ಕವರಿಗೆ ಹಾಕಿಕೊಂಡೇ ಬಂದಿದ್ದ. ಮೈಸೂರು ರಸ್ತೆಯ ಸ್ಟೇಷನ್ನಿನ ಕೌಂಟರಿನಲ್ಲಿ ಕವರನ್ನು ಒಳಗೆ ತಳ್ಳಿದ. ಒಳಗಿದ್ದಾತ ಅದನ್ನು ಹಾಗೇ ಹೊರಗೆ ತಳ್ಳಿದ.

“ಇದೆಲ್ಲ ಬೇಡ ಯಜಮಾನ್ರೇ. ದುಡ್ಡು ಕೊಡಿ, ಕಾರ್ಡಿಗೆ ಹಾಕಿಕೊಡ್ತೀನಿ.”

“ಮನೆಗೊಂದಾ, ತಲೆಗೊಂದಾ?”

“ಒಬ್ಬರಿಗೆ ಒಂದು.”

“ಅಂಗಾರೆ ಎರಡು ಕೊಡಪ್ಪ. ವಾಪಸ್ ಬರುವಾಗ ನನ್ ತಂಗಿ ಇರ್ತಾಳೆ.”

ಎಷ್ಟೋ ವರ್ಷದಿಂದ ಬೆಂಗಳೂರಲ್ಲೇ ಬೇಯುತ್ತಿರುವ ತಂಗಿಯ ಹತ್ತಿರ ಒಂದು ಕಾರ್ಡು ಇರಬಹುದು ಅನ್ನೋದು ಆತನಿಗೆ ಹೊಳೆಯಲೇ ಇಲ್ಲ. ಆತನ ಲೆಕ್ಕವೇ ಬೇರೆ. ಹಬ್ಬಕ್ಕೆ ಕರೆದುಕೊಂಡು ಹೋಗುವವನು ದಾರಿಯ ಖರ್ಚು ಹೊರಬೇಕು. ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ಟೇ ಇಲ್ಲದಂತಾಗಿ ಅಣ್ಣಂದಿರ ಮರ್ಯಾದೆಗೆ ಜಾಗವಿರಲಿಲ್ಲ, ಸದ್ಯ ಮೆಟ್ರೋ ಒಂದಾದರೂ ಇತ್ತಲ್ಲ! ಎರಡೂ ಕಾರ್ಡನ್ನು ಅಂಗಿಯ ಒಳಜೇಬಿಗೆ ಇಟ್ಟುಕೊಂಡು, ಮುಂದಿದ್ದವರು ಮಾಡಿದ್ದನ್ನು ನೋಡಿ ಒಂದನ್ನು ಗೇಟಿನ ಮೇಲೆ ಇಟ್ಟ. ಗೇಟು ತೆರೆಯಿತು. ಬಾಗಿನವನ್ನು ಎದೆಗವಚಿಕೊಂಡು ದಡಬಡ ದಾಟಿದ.

ರೈಲಿನಲ್ಲಿ ಜನವೋ ಜನ. ಒಂದು ಪಿಟ್ಟೆನ್ನುವ ಮಾತಿಲ್ಲ. ನಮ್ಮ ಕಡೆ ಬಸ್ಸಿನಲ್ಲಾದರೆ ಮೊರ ಕಂಡ ಕೂಡಲೇ, “ಯಾರ್ಗೆ ಬಾಗಿನ? ತಂಗಿಗಾ? ಎಷ್ಟ್ ಜನ ತಂಗೀರು?” ಅಂತ ಮೂರು ತಲೆಮಾರಿನ ಕತೆ ಕೇಳುತ್ತಿದ್ದರು. ಇಲ್ಲಿ ಒಬ್ಬರೂ ತಲೆ ಎತ್ತಲಿಲ್ಲ. ಯಾರಾದರೂ ಕೇಳಲಿ ಅಂತ ದೊಡ್ಡಮಲ್ಲಪ್ಪ ಮೊರವನ್ನು ಆಚೆಗೊಮ್ಮೆ ಈಚೆಗೊಮ್ಮೆ ತಿರುಗಿಸಿಯೂ ನೋಡಿದ. ಇಷ್ಟು ಜನದ ಮಧ್ಯೆ ತನ್ನ ಅಡುಗೆಮನೆಯಲ್ಲಿ ಒಬ್ಬನೇ ಕೂತ ಹಾಗೇ ಆಯಿತಲ್ಲ ಅಂತ ಆತನಿಗೆ ಅಳುಕಾಯಿತು.

ಇಂದಿರಾನಗರದಲ್ಲಿ ಇಳಿದ. ತಂಗಿ ಸ್ಟೇಷನ್ನಲ್ಲೇ ಇರು ಅಂದಿದ್ದಾಳೆ, ಸರಿ, ಪ್ಲಾಟ್‌ಫಾರಮ್ಮಿನ ಬೆಂಚಿನ ಮೇಲೆ ಕೂತೇಬಿಟ್ಟ. ಗುಂಡ್ಲುಪೇಟೆ ಬಸ್ ಸ್ಟ್ಯಾಂಡಿನಲ್ಲಿ ಬೆಳಗಿನಿಂದ ಬೈಗಿನ ತನಕ ಕೂತರೂ ಯಾಕೆ ಅನ್ನುವವರಿಲ್ಲ. ಮೆಟ್ರೋದ ಒಳಗೆ ಇಷ್ಟು ಹೊತ್ತಿಗಿಂತ ಹೆಚ್ಚು ಇರಬಾರದು, ಇದ್ದರೆ ಕಾರ್ಡು ಮುನಿಸಿಕೊಳ್ಳುತ್ತದೆ ಅಂತ ಆತನಿಗೆ ಹೇಳುವವರು ಯಾರು? ರೈಲು ಬಂತು, ಹೋಯಿತು. ಬಂತು, ಹೋಯಿತು. ಆತ ತನ್ನ ಮಾತನ್ನು ಅಂದುಕೊಳ್ಳುತ್ತಲೇ ಇದ್ದ. ಊಟದ ಹೊತ್ತು ಮೀರಿ ಎಷ್ಟೋ ಹೊತ್ತಿಗೆ ಫೋನು ಬಂತು.

“ಎಲ್ಲಿದ್ದೀಯಣ್ಣ? ನಾನು ಕೆಳ್ಗೆ ಗೇಟತ್ರ ನಿಂತಿವ್ನಿ.”

ಕೆಳಗೆ ಇಳಿದರೆ ಗೇಟಿನ ಆಚೆ ಪುಟ್ಟಬಸಮ್ಮ ನಿಂತಿದ್ದಾಳೆ. ಬೆವರಿದ ಮುಖ, ಸೆರಗಿಗೆ ಅರಿಶಿನದ ಕಲೆ. ಆತ ಕಾರ್ಡು ಇಟ್ಟ. ಕೆಂಪು ದೀಪ. ಮತ್ತೆ ಇಟ್ಟ. ಮತ್ತೆ ಕೆಂಪು. ಇನ್ನೊಂದು ಕಾರ್ಡು ತೆಗೆದು ಇಟ್ಟರೆ ಅದಕ್ಕೂ ಕೆಂಪು.

“ಒಳ್ಗೇ ಕುಂತಿದ್ಯಾ ಇಷ್ಟೊತ್ತೂ? ಅಯ್ಯೋ ನನ್ನಪ್ಪ! ಅದ್ಕೇ ಬುಡ್ತಾ ಇಲ್ಲ. ಕೌಂಟರಲ್ಲಿ ಯೋಳ್ಬೇಕು, ಅಲ್ಲಿ ನೋಡುದ್ರೆ ಅಷ್ಟುದ್ದ ಕ್ಯೂ. ನಾನು ಸಂಜೆ ಚಪಾತಿಗೆ ವಾಪಸ್ ಓಗ್ಬೇಕು ಕಣಣ್ಣ. ಬಾಗಿನ ಇತ್ತಾಗೆ ಕೊಟ್ಬುಡು.”

ದೊಡ್ಡಮಲ್ಲಪ್ಪ ಮೊರವನ್ನು ಹಿಂದಕ್ಕೆ ಎಳೆದುಕೊಂಡ. “ಬಾಕ್ಲಾಚೆ ಒಬ್ರು ಈಚೆ ಒಬ್ರು ನಿಂತು ಬಾಗಿನ ಕೊಡಾದುಂಟಾ? ಒಸ್ಲು ದಾಟ್ಸಿ ಕೊಟ್ರೆ ಸಂಬಂಧ ಉಳಿತದಾ? ನಾನೊಲ್ಲೆ.”

“ಇದು ಮೆಟ್ರೋ ಗೇಟು ಕಣಣ್ಣ!”

“ಬಾಕ್ಲು ಬಾಕ್ಲೇ.”

ಪುಟ್ಟಬಸಮ್ಮ ಹಣೆ ಚಚ್ಚಿಕೊಂಡಳು. ನಗುವೂ ಬಂತು. ತನ್ನ ಪರ್ಸಿನಿಂದ ಸವೆದುಹೋದ ಒಂದು ಕಾರ್ಡು ತೆಗೆದು, ಗೇಟಿಗೆ ಮುಟ್ಟಿಸಿ ತಾನೇ ಒಳಗೆ ಬಂದಳು. ಇಬ್ಬರೂ ಗೋಡೆಯ ಪಕ್ಕಕ್ಕೆ ಸರಿದು ನಿಂತರು. ಅವಳು ತಲೆಯ ಮೇಲೆ ಸೆರಗು ಎಳೆದುಕೊಂಡು ಬಾಗಿನ ತೆಗೆದುಕೊಂಡಳು, ಬಗ್ಗಿ ಅಣ್ಣನ ಕಾಲು ಮುಟ್ಟಿದಳು. ಎದ್ದಾಗ ಮುಖದಲ್ಲಿ ನಗು ಉಳಿದಿರಲಿಲ್ಲ.

“ಹಬ್ಬಕ್ಕೆ ಮುಂಚೆನೇ ಇಲ್ಲಿಗ್ ತಂದ್ಕೊಟ್ಬುಟ್ಯಲ್ಲ. ಕರಿಯಾಕಲ್ಲ, ಕೊಟ್ಟೋಗಾಕೆ ಬಂದಿದ್ದು ಅನ್ನು.”

ಈಗ ಹೇಳಬೇಕು. ಬಸ್ಸಿನುದ್ದಕ್ಕೂ ಅಂದುಕೊಂಡು ಬಂದ ಮಾತು. ದೊಡ್ಡಮಲ್ಲಪ್ಪ ಬಾಯಿ ತೆರೆದ. ಅದು ಎಲ್ಲಿ ಹೋಗಿ ಅವಿತುಕೊಂಡಿತೋ, ಬರಲಿಲ್ಲ. ಹಾಳಾದ ನಾಲಿಗೆ. “ಬಿಸ್ಲು ಜಾಸ್ತಿ ಇಲ್ಲಿ” ಅಂದ. ಆಮೇಲೆ ಕೈಯಲ್ಲೇ ಹಿಡಿದಿದ್ದ ಎರಡನೆಯ ಕಾರ್ಡನ್ನು ಸುಮ್ಮನೆ ಅವಳ ಮುಂದೆ ಚಾಚಿದ.

“ಇದ್ಯಾರ್ದು?”

“ನಿಂದು. ಊರ್ಗೆ ಓಗಾಕೆ. ನನ್ ಜೊತೇಲಿ.” ಅಷ್ಟು ಬಂದ ಮೇಲೆ ಉಳಿದದ್ದೂ ಬಂತು. “ಮನೇಲಿ ಇರಾಕಾಯ್ತಿಲ್ಲ ಕಣಮ್ಮಿ. ಈ ಹಬ್ಬಕ್ಕೆ ಬಂದ್ಬುಡು.”

ಪುಟ್ಟಬಸಮ್ಮ ಕಾರ್ಡನ್ನು ತೆಗೆದುಕೊಳ್ಳಲಿಲ್ಲ. ಅಣ್ಣನ ಮುಖವನ್ನೇ ನೋಡುತ್ತ ನಿಂತಳು. ಅವಳ ಕಣ್ಣು ತುಂಬಿ ಬಂತು.

“ಈ ಸಲ ನಯನಾ ಬತ್ತಾವ್ಳೆ ಕಣಣ್ಣ. ಮದ್ವೆ ಆದ್ಮೇಲೆ ಮೊದುಲ್ನೇ ಗೌರಿ. ಅವುಳ್ ತವರುಮನೇಲಿ ನಾನಿಲ್ದೆ ಯಾರಿರ್ಬೇಕು ಯೋಳು?”

ಹೌದಲ್ಲ! ಮದುವೆಯ ಊಟದಲ್ಲಿ ಕೂತೇ ಹಬ್ಬದ ಯೋಚನೆ ಮಾಡಿದವನಿಗೆ ಇದು ಹೊಳೆಯದೇ ಹೋಯಿತು. ಗಂಗಾಂಬಿಕೆ ಇದ್ದಿದ್ದರೆ, “ಈ ವರ್ಷ ಅವಳನ್ನ ಕರೀಬಾರ್ದು, ಮಗಳು ಬರ್ತಾಳೆ, ಪೆದ್ದ” ಅಂತ ಆವತ್ತೇ ಅನ್ನುತ್ತಿದ್ದಳು. ಹೆಣ್ಣುಮಕ್ಕಳ ಈ ಲೆಕ್ಕವನ್ನೆಲ್ಲ ಅವಳು ತನ್ನ ಜೊತೆಗೇ ತೆಗೆದುಕೊಂಡು ಹೋಗಿದ್ದಳು. ದೊಡ್ಡಮಲ್ಲಪ್ಪ ಚಾಚಿದ್ದ ಕಾರ್ಡನ್ನು ಮೆಲ್ಲಗೆ ಒಳಜೇಬಿಗೆ ಇಳಿಸಿದ.

“ಸರಿ ಬುಡು. ಮಗಳು ಬರಾ ಮನೇಲಿ ತಾಯಿ ಇರ್ಬೇಕು” ಅಂದ. “ಮುಂದ್ಲೊರ್ಸ ನೋಡನ.”

“ಮುಂದ್ಲೊರ್ಸವೂ ಅವಳು ಬತ್ತಾಳಲ್ಲಣ್ಣ” ಅಂದಳು ಪುಟ್ಟಬಸಮ್ಮ ಮೆಲ್ಲಗೆ. “ನೀನೇ ಇದ್ಬುಡು ನಮ್ಮನೇಲಿ, ಹಬ್ಬ ಮುಗಿಸ್ಕಂಡು ಓಗು.”

“ಮನೆ ಬೀಗ ಹಾಕಿರಬಾರ್ದು ಹಬ್ಬದ ದಿನ. ನಿಮ್ಮತ್ತಿಗೆ ಫೋಟೋಗೆ ದೀಪ ಹಚ್ಚೋರು ಬೇಡ್ವಾ.”

ಪುಟ್ಟಬಸಮ್ಮನ ಫೋನು ಬಡಿದುಕೊಳ್ಳುತ್ತಿತ್ತು, ಪೀಜಿಯವರದ್ದು. ಅವಳು ಅದನ್ನು ಕಟ್ ಮಾಡಿದಳು. ಹೊರಡಬೇಕು, ಆದರೆ ಹೊರಡಲಿಲ್ಲ. ಕಡೆಗೆ ಮೊರವನ್ನು ಸೊಂಟಕ್ಕೆ ಇಟ್ಟುಕೊಂಡು, ನೆಲ ನೋಡಿಕೊಂಡು ಹೇಳಿದಳು.

“ಅತ್ತಿಗೆ ಓದ್ಮೇಲೆ ಪ್ರತಿ ಗೌರಿಗೂ ನಾನು ಬ್ಯಾಗ್ ಕಟ್ಟಿಟ್ಕಂಡು ಕುಂತಿರ್ತಿದ್ದೆ ಕಣಣ್ಣ. ನೀನು ಫೋನ್ ಮಾಡ್ತೀಯ ಅಂತ. ದುಡ್ ಬರ್ತಿತ್ತು, ನಿನ್ ಮಾತು ಬರ್ತಿರ್ನಿಲ್ಲ. ನಮ್ಮನೆಯವ್ರು ಕೇಳೋರು, ಬಸ್ಸು ಫ್ರೀ ಅಲ್ವಾ ಓಗ್ಬಾರ್ದಾ ಅಂತ. ಫ್ರೀ ಅಂತ ಯಾರೂ ಕರೀದೆ ತವ್ರಿಗೆ ಓಗ್ಬುಡಾಕಾಯ್ತದಾ? ಹಬ್ಬದ ಸಂಜೆ ಬ್ಯಾಗ್ ಬಿಚ್ಚಿ ಸೀರೆ ಎಲ್ಲಾ ಮತ್ತೆ ಬೀರುಗೆ ಇಡ್ತಿದ್ದೆ.”

ಅದೇ ಹಬ್ಬದ ಸಂಜೆಗಳಲ್ಲಿ ದೊಡ್ಡಮಲ್ಲಪ್ಪ ಟೀವಿಯ ಎದುರು ತಟ್ಟೆ ಇಟ್ಟುಕೊಂಡು ಕೂತಿರುತ್ತಿದ್ದ. ಒಂದು ಫೋನಿನ ಮಾತು. ಬೇಕಾಗಿದ್ದದ್ದು ಅಷ್ಟೇ. ತಂಗಿಯ ತಲೆಯ ಮೇಲೆ ಒಮ್ಮೆ ಕೈ ಇಟ್ಟು ತೆಗೆದ.

“ಮೈಸೂರು ರೋಡಲ್ಲಿ ಇಳ್ದಾಗ ಕೌಂಟರಲ್ಲಿ ಯೋಳಣ್ಣ, ಸರಿ ಮಾಡ್ಕೊಡ್ತಾರೆ. ಊಟ ಮಾಡು ದಾರೀಲಿ” ಅಂದು ಪುಟ್ಟಬಸಮ್ಮ ಗೇಟು ದಾಟಿದಳು. ಒಂದು ಸಲ ತಿರುಗಿ ನೋಡಿದಳು. ಆಮೇಲೆ ಮೆಟ್ಟಿಲಿಳಿಯುವ ಜನರ ನಡುವೆ ಕಾಣದಾದಳು.

ಆತ ಮತ್ತೆ ಪ್ಲಾಟ್‌ಫಾರಮ್ಮಿಗೆ ಹತ್ತಿ ಬಂದ. ಮೈಸೂರು ರಸ್ತೆಯ ಕಡೆಯ ರೈಲು ಬಂತು. ಹತ್ತಲಿಲ್ಲ. ಇನ್ನೊಂದು ಬಂತು. ಬೇಗ ಹೋಗಿ ಮನೆಯಲ್ಲಿ ಮಾಡುವುದೇನಿತ್ತು? ಮೂರನೆಯದು ಬಂದಾಗ ಪೀಪಿ ಊದುತ್ತಿದ್ದ ಸೆಕ್ಯೂರಿಟಿ ಹೆಂಗಸು ಹತ್ತಿರ ಬಂದಳು.

“ಯಜಮಾನ್ರೇ, ಯಾರಿಗಾದ್ರೂ ಕಾಯ್ತಿದೀರಾ?”

“ಇಲ್ಲ ಕಣವ್ವ” ಅಂದ ದೊಡ್ಡಮಲ್ಲಪ್ಪ. “ಯಾರೂ ಬರಾದಿಲ್ಲ.” ಅಂದು ರೈಲು ಹತ್ತಿದ.