ನೆಲದ ನವಿಲು

ಮತ್ತೊಂದು ಬಿತ್ತು, ಬಾದಾಮಿ ಎಲೆ, ಕಾರಿನ ಬಾನೆಟ್ಟಿನ ಮೇಲೆ ಟಪ್ಪೆಂದು, ಎಂಥ ಕೆಂಪು, ಮದುವೆ ಸೀರೆಯಲ್ಲೂ ಇಂಥ ಕೆಂಪು ಸಿಗಲಿಕ್ಕಿಲ್ಲ — ಸರಸ ಓಡಿಹೋಗಿ ಎತ್ತಿಕೊಂಡಳು, ಕೆಳಗಿನ ಮನೆಯವಳು, ಐವತ್ತು ದಾಟಿದ ಹೆಂಗಸು, ದಿನಾ ಬೆಳಿಗ್ಗೆ ಉದುರಿದ್ದನ್ನೆಲ್ಲ ಆರಿಸಿ ಈ ಸಿಮೆಂಟು ನೆಲದ ಮೇಲೆ ಏನಾದರೊಂದು ಮಾಡುತ್ತಾಳೆ, ನಿನ್ನೆ ಮೀನು, ಇವತ್ತು ನವಿಲು, ಮೈಲಾಪೂರಿನವಳಿಗೆ, ತಮಿಳಿನಲ್ಲಿ ಮಯಿಲೆಂದರೆ ನವಿಲೇ, ನವಿಲಲ್ಲದೆ ಇನ್ನೇನು ಹೊಳೆದೀತು, ಎಲೆಗಳೇ ಗರಿ, ಬೇವಿನ ಹೂ ಕತ್ತಿಗೆ, ಹೊಂಗೆ ಹೂ ಹೊಟ್ಟೆಗೆ, ಮೇಲಿನ ಮನೆಯ ಕಾರು ರಿವರ್ಸ್ ತೆಗೆದರೆ ಎಲ್ಲ ಚಟ್ನಿ, ಅಯ್ಯೋ ಅಂದರೆ ನಗುತ್ತಾಳೆ, ಅದನಾಲ ಎನ್ನಕ್ಕಾ, ನಾಳೈಕ್ಕು ವೇರ ಪೂ ವಿಳುಂ, ನಾಳೆ ಬೇರೆ ಹೂ ಬೀಳುತ್ತದಂತೆ, ಬೀಳುತ್ತದೆ ತಾಯಿ, ನಿನ್ನ ಹೂ ಬಿದ್ದರೆ ಚೆಂದ, ನನ್ನ ಕೈಯಿಂದ ಬಿದ್ದರೆ? — ಈ ಹಾಳು ಎಡಗೈ, ಪಾರ್ಶ್ವವಾಯು ಹೊಡೆದಾಗಿನಿಂದ ಬೆರಳು ಮಡಚಿಕೊಂಡು ಕೂತಿದೆ, ಬಿಡಿಸಿದರೆ ನಡುಗುತ್ತದೆ, ಎಡ ಅಂಗೈಯಲ್ಲಿ ಲಿಂಗ ಇಟ್ಟು ಪೂಜೆ ಮಾಡಬೇಕಾದವಳು ಆಸ್ಪತ್ರೆಯಿಂದ ಬಂದಮೇಲೆ ಕೊರಳಿನ ಬೆಳ್ಳಿ ಕರಡಿಗೆಯನ್ನು ತೆರೆದೇ ಇಲ್ಲ, ಲಿಂಗ ಕೈಜಾರಿದರೆ ಏನು ಗತಿ, ತಾಟಿನ್ಯಾಗ ಇಟ್ಟು ಪೂಜಿ ಮಾಡು, ಏನಾಗೂದೈತಿ, ಅಂತ ಇವರು, ಗುರುಬಸಪ್ಪನವರು, ಗಂಡನೆಂಬ ಪ್ರಾಣಿ, ತಾಟಿನ್ಯಾಗ ಇಡಾಕ ನನ್ನ ಲಿಂಗ ಏನು ಇಡ್ಲಿ ಏನ್ರೀ ಅಂದೆ, ಅಂದು ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿಕೊಂಡು ಅತ್ತೆ, ಅವರಿಗೆ ಕೇಳಿಸಿರಬೇಕು, ಆಮೇಲೆ ಆ ಮಾತೇ ಎತ್ತಿಲ್ಲ.

ಉಮಾಕ್ಕಾ, ಇಂದ ಪೂವ ಪಿಡಿಂಗ, ಈ ಹೂ ಹಿಡಿಯಿರಿ ಅಂತ ಸರಸ ಒಂದು ಬೊಗಸೆ ಹೊಂಗೆ ಹೂ ಚಾಚಿದ್ದಾಳೆ, ನನ್ನ ಬಲಗೈಯಲ್ಲಿ ಊರುಗೋಲು, ಅದನ್ನು ಬಿಟ್ಟರೆ ನಾನೇ ನೆಲದ ಮೇಲಿನ ಚಿತ್ತಾರ, ಎಡಗೈ ಚಾಚಿದೆ, ಅವಳು ಬೊಗಸೆ ಹಿಂದೆ ತೆಗೆದಳು, ಇಡದು ಕೈಲಯಾ, ಪೂವಾಚ್ಚೇ ಅಕ್ಕಾ, ಹೂವನ್ನು ಎಡಗೈಯಲ್ಲಿ ಹಿಡಿಯುತ್ತಾರೆಯೇ ಅಂತ — ರಕ್ತ ನೆತ್ತಿಗೇರಿತು, ಏ ಸರಸಾ, ನಮ್ಮ ದೇವರು ಕೂಡೂದ ಎಡಗೈಯಾಗ, ತಿಳ್ಕೊ, ತಮಿಳು ಮರೆತು ಧಾರವಾಡವೇ ಬಾಯಿಗೆ ಬಂತು, ಅವಳಿಗೆಷ್ಟು ತಿಳಿಯಿತೋ, ಸಾಮಿಯಾ, ಇಂದ ಕೈಲಯಾ, ಈ ಕೈಯಲ್ಲಿ ದೇವರಾ, ಎಂದು ನನ್ನ ಅಂಗೈಯನ್ನೇ ನೋಡಿದಳು, ಮೆಲ್ಲಗೆ ಹೂ ಸುರಿದಳು, ಅರ್ಧ ಚೆಲ್ಲಿತು, ಚೆಲ್ಲಲಿ, ಚೆಲ್ಲಿದ್ದೂ ನವಿಲಿನ ಪಾಲಿಗೇ, ಆರಿಸಿ ಇಡುತ್ತಾಳೆ, ಮತ್ತೆ ಸುರಿಯುತ್ತಾಳೆ, ಈ ಹೂ ಬಿದ್ದರೆ ಪಾಪವಿಲ್ಲ, ಆಸ್ಪತ್ರೆಯ ರಬ್ಬರ್ ಚೆಂಡು ಹಿಸುಕಿ ಹಿಸುಕಿ ಸಾಕಾಗಿತ್ತು, ಇಲ್ಲಿ ಸಾಕೆನಿಸುವುದಿಲ್ಲ, ಈ ಸಲ ಚೆಲ್ಲಿದ್ದು ಕಡಿಮೆಯೇ, ಹೌದು, ಕಡಿಮೆ, ಇನ್ನು ಕಣ್ಣೊಂದು ಬಾಕಿ, ಕಣ್ಣಿಗೆ ಮಾಗಿ ಕಪ್ಪಾದ ಬಾದಾಮಿ ಕಾಯಿ ಹುಡುಕಿ ತಂದಳು, ಕೊಂಜಂ ಇರುಂಗಕ್ಕಾ, ಸ್ವಲ್ಪ ಇರಿ, ಎಂದು ಅದನ್ನು ನನ್ನ ಅಂಗೈ ನಡುವೆ ಕೂರಿಸಿ ಕೊಕ್ಕಿಗೆ ಕಡ್ಡಿ ಆರಿಸಲು ಹೋದಳು — ಶಿವನೇ, ಈ ತೂಕ, ಹೆಚ್ಚೂಕಡಿಮೆ ಅದೇ ತೂಕ, ಬೆರಳು ಮಡಚಿಕೊಳ್ಳಲು ಹೊರಟವು, ನಿಂತವು, ಕಿರುಬೆರಳು ಮಾತ್ರ ಅದುರುತ್ತಿದೆ, ಕಾಯಿ ಅಲುಗಿತು, ಉರುಳಲಿಲ್ಲ, ಮೇಲೆ ಬಾಲ್ಕನಿಯಲ್ಲಿ ಇವರ ಕೆಮ್ಮು, ಕೂಗಲೇ, ರೀ, ಜಳಕಕ್ಕ ನೀರು ಕಾಯಿಸ್ರಿ, ಇವತ್ತು ಪೂಜಿ ಐತಿ, ಅನ್ನಲೇ, ಬಾಯಿ ತೆರೆದರೆ ಕೈ ಅಲುಗೀತು, ಕಾರು ಶುರುವಾಯಿತು, ಆಗಲಿ, ಅಕ್ಕಾ, ಕಣ್ಣು ಕುಡುಂಗ, ಸರಸ ಕೈ ಚಾಚಿದ್ದಾಳೆ, ತಡಿ, ಕೊಡುತ್ತೇನೆ, ಇನ್ನೊಂದು ಉಸಿರು ತಡಿ, ಎಡ ಅಂಗೈ, ಅದರ ನಡುವೆ ಕರಿ ಕಾಯಿ, ಕೂತಿದೆ, ಕೂತಿದೆ —